ಹಲ್ಲು ಕಟ್ಟುವುದಕ್ಕೂ ಸಂಶೋಧನೆಯೇ?

ಕಳೆದ ವರ್ಷ ನೀಟ್ ಪರೀಕ್ಷೆಯ ಫಲಿತಾಂಶ ಬಂದ ವಾರದ ಭಾನುವಾರ, ಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ರೈತರೊಬ್ಬರು ಮಗಳನ್ನು ಕರೆದುಕೊಂಡು ಗುರುಮನೆಗೆ ಬಂದರು. ಹುಡುಗಿಯ ಕೈಯಲ್ಲಿ ಪ್ಲಸ್ ಟೂ ಅಂಕಪಟ್ಟಿ ಇತ್ತು. ರಸಾಯನಶಾಸ್ತ್ರದಲ್ಲಿ ಬಹಳ ಒಳ್ಳೆಯ ಅಂಕ. ಆದರೆ ನೀಟ್‌ನಲ್ಲಿ ದಂತ ವೈದ್ಯಕೀಯಕ್ಕೆ ಸೀಟು ಸಿಗುವಷ್ಟು ಬಂದಿರಲಿಲ್ಲ. ಹಲ್ಲಿನ ಡಾಕ್ಟರ್ ಆಗಬೇಕೆಂಬುದು ಅವಳ ಚಿಕ್ಕಂದಿನ ಆಸೆ. ಅವಳ ತಾಯಿಯ ಹಲ್ಲುಗಳು ಮೂವತ್ತು ದಾಟುವ ಮೊದಲೇ ಕಂದು ಬಣ್ಣಕ್ಕೆ ತಿರುಗಿ ಅಂಚುಗಳು ಪುಡಿಯಾಗಿದ್ದನ್ನು ನಾವೂ ಬಲ್ಲೆವು. ಆ ತಾಯಿ ನಗುವಾಗ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ತಂದೆ ಕೇಳಿದರು: "ಫಾದರ್, ಸ್ಕೂಲ್ ಟೀಚರಮ್ಮ ಹೇಳ್ತಾರೆ, ಕೆಮಿಸ್ಟ್ರಿ ಓದಿಕೊಂಡೂ ಹಲ್ಲಿನ ವಿಷಯದಲ್ಲಿ ಸಂಶೋಧನೆ ಮಾಡಬಹುದಂತೆ. ಹಲ್ಲು ಕೀಳೋದು ಗೊತ್ತು, ಕಟ್ಟೋದು ಗೊತ್ತು. ಅದಕ್ಕೆ ಸಂಶೋಧನೆ ಬೇರೆ ಬೇಕಾ? ಅದರಿಂದ ಹೊಟ್ಟೆ ತುಂಬುತ್ತಾ?"

ಆ ದಿನ ಅವರಿಗೆ ನಾವು ಸರಿಯಾದ ಉತ್ತರ ಕೊಡಲಿಲ್ಲ. ವಿಚಾರಿಸಿ ಹೇಳುತ್ತೇವೆ ಎಂದು ಕಳುಹಿಸಿದೆವು. ಅನಂತರ ತಿಳಿದವರನ್ನು ಕೇಳಿ, ಓದಿ, ಅವರಿಗೆ ಹೇಳಿದ್ದನ್ನೇ ಈ ಅಂಕಣದಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇವೆ. ರಾಗಿ, ರೇಷ್ಮೆ, ಹಸುಗಳ ಕಾಲುಬಾಯಿ ಜ್ವರದ ಬಗ್ಗೆ ಬರೆಯುವ ಜಾಗದಲ್ಲಿ ಇದೇಕೆ ಬಂತು ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಮುಂದೆ ಓದಿದರೆ ಎತ್ತುಗಳ ವಿಷಯವೂ ಬರುತ್ತದೆ.

ಮೊದಲು ನಮ್ಮದೇ ಬಾಯಿಯ ಕಥೆ. ನಮ್ಮ ಕೆಳದವಡೆಯಲ್ಲಿ ಮೂರು ಹಲ್ಲುಗಳಿಲ್ಲ. ಪಟ್ಟಣವೊಂದರಲ್ಲಿ ಕಟ್ಟಿಸಿಕೊಂಡ ಹಲ್ಲಿನ ತಟ್ಟೆ ಎಂಟು ತಿಂಗಳು ಬಾಳಿತು. ಒಂದು ಸಂಜೆ ಹುರಿದ ಹುರುಳಿಕಾಳು ಕಡಿದಾಗ ಎರಡು ಹೋಳಾಯಿತು. ಅಂಟಿಸಿಕೊಟ್ಟರು, ಮತ್ತೆ ಅದೇ ಜಾಗದಲ್ಲಿ ಬಿರುಕು ಬಿಟ್ಟಿತು. ಬೇಸರದಿಂದ ನಾವು ಕೇಳಿದ ಪ್ರಶ್ನೆ ಇಷ್ಟೇ: ಹುರುಳಿಕಾಳನ್ನು ತಡೆಯುವ ತಟ್ಟೆಯನ್ನು ಯಾರೂ ಮಾಡಿಲ್ಲವೇ? ಈ ಪ್ರಶ್ನೆ ಹಿಡಿದು ಹೊರಟರೆ ತಲುಪುವ ಜಾಗವೇ ದಂತ ತಂತ್ರವಿದ್ಯೆಯ ಸಂಶೋಧನೆ.

ಆ ತಟ್ಟೆಯ ಗುಲಾಬಿ ಬಣ್ಣದ ಭಾಗ ಅಕ್ರಿಲಿಕ್ ಎಂಬ ಒಂದು ಬಗೆಯ ಪ್ಲಾಸ್ಟಿಕ್. ಅದು ಬರುವ ಮೊದಲು, 1850ರ ದಶಕದಿಂದ ಸುಮಾರು ಎಂಬತ್ತು ವರ್ಷ, ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನಲ್ಲಿ ತಟ್ಟೆ ಮಾಡುತ್ತಿದ್ದರು. 1937ರ ಸುಮಾರಿಗೆ ಅಕ್ರಿಲಿಕ್ ಬಂದು ರಬ್ಬರನ್ನು ಹಿಂದೆ ಹಾಕಿತು. ಬಣ್ಣ ಒಸಡಿನಂತಿತ್ತು, ಅಚ್ಚು ಹಾಕುವುದು ಸುಲಭವಾಗಿತ್ತು. ಆದರೆ ಪೆಟ್ಟು ತಿಂದರೆ ಒಡೆಯುವ ಅದರ ಸ್ವಭಾವವನ್ನು ತಿದ್ದಲು ಇಂದಿಗೂ ಲೋಕದ ಹಲವು ಪ್ರಯೋಗಾಲಯಗಳಲ್ಲಿ ಕೆಲಸ ನಡೆದಿದೆ. ಗಾಜಿನ ಎಳೆ ಸೇರಿಸಿ ನೋಡುತ್ತಾರೆ, ಬೇರೆ ಬೇರೆ ಪುಡಿ ಬೆರೆಸಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಯಂತ್ರದಲ್ಲಿ ಕೊರೆದೋ ಪದರದ ಮೇಲೆ ಪದರ ಮುದ್ರಿಸಿಯೋ ತಟ್ಟೆ ತಯಾರಿಸುವುದೂ ಬಂದಿದೆ. ಹಲ್ಲು ಕಟ್ಟುವುದು ಹಳೆಯ ಕಸುಬು, ನಿಜ. ಯಾವುದರಿಂದ ಕಟ್ಟಬೇಕು, ಅದು ಎಷ್ಟು ದಿನ ನಿಲ್ಲುತ್ತದೆ, ಒಸಡಿಗೆ ಕೇಡಾಗುತ್ತದೆಯೇ ಎಂಬುದು ಮಾತ್ರ ರಸಾಯನಶಾಸ್ತ್ರದ, ಲೋಹಶಾಸ್ತ್ರದ, ಯಂತ್ರಶಾಸ್ತ್ರದ ಪ್ರಶ್ನೆ.

ಈಗ ಎತ್ತುಗಳ ವಿಷಯ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳು ಕೀಲು ಬಿಗಿದುಕೊಂಡು ನಡೆಯಲಾರದೆ ನಿಲ್ಲುವುದನ್ನು ಮೊದಲು ಗಮನಿಸಿದವರು ರೈತರೇ. ಆಮೇಲೆ ಮನುಷ್ಯರಲ್ಲೂ ಅದೇ ಕಾಯಿಲೆ ಕಂಡಿತು: ಬೆನ್ನು ಬಾಗದು, ಮಂಡಿ ಮಡಚದು, ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆ, ಕಂದು ಪಟ್ಟೆ. 1937ರಲ್ಲಿ ಶಾರ್ಟ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಕಾರಣ ಬಾವಿಯ ನೀರಿನಲ್ಲಿದ್ದ ಫ್ಲೋರೈಡ್ ಎಂಬ ಲವಣ. ಕಾಯಿಲೆಯ ಹೆಸರು ಫ್ಲೋರೋಸಿಸ್.

ಅಮೆರಿಕದಲ್ಲಿ ಇದೇ ಕಾರಣವನ್ನು ಹುಡುಕಲು ಮೂವತ್ತು ವರ್ಷ ಹಿಡಿಯಿತು. ಆ ಕಥೆಯನ್ನು ಆ ಹುಡುಗಿಗೆ ನಾವು ಪೂರ್ತಿ ಹೇಳಿದೆವು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ಕೆಲಸ ಆರಂಭಿಸಿದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದು. ಊರಿನವರು ಅದನ್ನು ಸಹಜವೆಂದೇ ಭಾವಿಸಿದ್ದರು. ನಮ್ಮ ಕಡೆ "ಅದು ವಂಶದ ಹಲ್ಲು, ಅವರ ಅಜ್ಜನಿಗೂ ಹಾಗೇ ಇತ್ತು" ಎನ್ನುತ್ತಾರಲ್ಲ, ಹಾಗೆ. ಮೆಕೇ ಒಪ್ಪಲಿಲ್ಲ. ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರಿಗೆ ಬರೆದು ಬರೆದು 1909ರಲ್ಲಿ ಅವರನ್ನು ಅಲ್ಲಿಗೇ ಕರೆಸಿಕೊಂಡ. ಇಬ್ಬರೂ ಊರಿನ ಮಕ್ಕಳ ಬಾಯಿ ನೋಡಿ ಲೆಕ್ಕ ಬರೆದರು. 1915ರಲ್ಲಿ ಬ್ಲ್ಯಾಕ್ ತೀರಿಕೊಂಡರು, ಉತ್ತರ ಸಿಕ್ಕಿರಲಿಲ್ಲ. 1923ರಲ್ಲಿ ಐಡಾಹೋ ರಾಜ್ಯದ ಓಕ್ಲೀ ಎಂಬ ಊರಿನ ತಾಯಂದಿರು ಮೆಕೇಗೆ ಒಂದು ಮಾತು ಹೇಳಿದರು: ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳಾಯಿ ಹಾಕಿದ ಮೇಲೆಯೇ ತಮ್ಮ ಮಕ್ಕಳ ಹಲ್ಲು ಹೀಗಾಗಿದೆ. ಆ ನೀರನ್ನು ಬಿಡಿ ಎಂದ. ಊರಿನವರು ಬಿಟ್ಟರು. ಆಮೇಲೆ ಹಲ್ಲು ಬಂದ ಮಕ್ಕಳಿಗೆ ಕಂದು ಬಣ್ಣ ಇರಲಿಲ್ಲ.

ನೀರಿನಲ್ಲಿ ಏನಿದೆ ಎಂಬುದು ಮಾತ್ರ ಆಗಲೂ ತಿಳಿಯಲಿಲ್ಲ. ಅದನ್ನು 1931ರಲ್ಲಿ ಕಂಡುಹಿಡಿದವರು ಎಚ್. ವಿ. ಚರ್ಚಿಲ್. ಅವರು ದಂತವೈದ್ಯರಲ್ಲ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞರು. ಕಂಪನಿಯ ಗಣಿಯೂರಿನ ಮಕ್ಕಳಿಗೂ ಅದೇ ತೊಂದರೆ ಬಂದಿತ್ತು, ಅಲ್ಯೂಮಿನಿಯಮ್ಮಿನಿಂದಲೇ ಎಂಬ ಅಪವಾದವೂ ಇತ್ತು. ಅವರು ಹೊಸ ಉಪಕರಣದಲ್ಲಿ ನೀರನ್ನು ಪರೀಕ್ಷಿಸಿದಾಗ ಯಾರೂ ಊಹಿಸದಷ್ಟು ಫ್ಲೋರೈಡ್ ಕಂಡಿತು. ಇಲ್ಲಿ ಪ್ರಶ್ನೆ ಕೇಳಿದವನು ದಂತವೈದ್ಯ, ಸುಳಿವು ಕೊಟ್ಟವರು ತಾಯಂದಿರು, ಉತ್ತರ ಹೇಳಿದವನು ರಸಾಯನತಜ್ಞ. ನೀಟ್‌ನಲ್ಲಿ ಅಂಕ ಬರಲಿಲ್ಲವೆಂದು ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ ಇಲ್ಲಿ ಒಮ್ಮೆ ತಲೆ ಎತ್ತಿದ್ದನ್ನು ನಾವು ನೋಡಿದೆವು.

ನಮ್ಮ ಕೃಷ್ಣಗಿರಿ ಜಿಲ್ಲೆಯ ಮತ್ತು ಪಕ್ಕದ ಧರ್ಮಪುರಿಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂಬುದು ಹೊಸ ಸಂಗತಿಯಲ್ಲ. 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಪೂರ್ಣ ಹೆಸರಿನಲ್ಲೇ ಫ್ಲೋರೋಸಿಸ್ ತಗ್ಗಿಸುವ ಮಾತಿದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದ ಕಡೆ 1.5ರವರೆಗೆ ಸಹಿಸಬಹುದು, ಅದಕ್ಕೆ ಮೇಲೆ ಸಲ್ಲದು. ಸುಮಾರು ಎಂಟು ವರ್ಷದೊಳಗೆ, ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ ಇಂತಹ ನೀರು ಕುಡಿದ ಮಗುವಿನ ಹಲ್ಲಿಗೆ ಕಲೆ ಬೀಳುತ್ತದೆ. ಒಮ್ಮೆ ಬಿದ್ದದ್ದು ಉಜ್ಜಿದರೆ ಹೋಗುವುದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ನೀರನ್ನು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚಾಗುತ್ತದೆ. ಎಲ್ಲ ಬಾವಿಗಳೂ ಕೆಟ್ಟವಲ್ಲ. ಒಂದು ಹೊಲದ ಬೋರ್ ಚೆನ್ನಾಗಿದ್ದು ಪಕ್ಕದ ಹೊಲದ್ದು ಕೆಟ್ಟಿರಬಹುದು. ಪರೀಕ್ಷೆ ಮಾಡಿಸದೆ ಹೇಳಲಾಗದು.

ಕಲೆ ಬಿದ್ದ, ಅಂಚು ಪುಡಿಯಾದ ಹಲ್ಲನ್ನು ತುಂಬಿ ಸರಿಪಡಿಸಬಹುದಲ್ಲ ಎಂದು ಕೇಳುವಿರಿ. ಸಂಶೋಧನೆಗೆ ಕಾದಿರುವ ಕೆಲಸ ಇಲ್ಲಿಯೇ ಇದೆ. ಕಬ್ಬಿಣದ ಗೇಟಿಗೆ ಬಣ್ಣ ಹೊಡೆಯುವ ಮೊದಲು ಉಪ್ಪುಕಾಗದದಿಂದ ಉಜ್ಜಿ ತರಿ ಮಾಡುತ್ತೇವೆ, ಇಲ್ಲವಾದರೆ ಬಣ್ಣ ಎದ್ದು ಬರುತ್ತದೆ. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹಿಡಿಯಲಿ ಎಂದು ಫಾಸ್ಫಾರಿಕ್ ಆಮ್ಲ ಸವರುವ ಪದ್ಧತಿಯಿತ್ತು. ಅದನ್ನು ಕಂಡ ಮೈಕೆಲ್ ಬುವೊನೊಕೋರ್ ಎಂಬ ಅಮೆರಿಕದ ಸಂಶೋಧಕರು ಅದೇ ಆಮ್ಲವನ್ನು ಹಲ್ಲಿನ ಮೇಲ್ಪದರಕ್ಕೆ ಅರ್ಧ ನಿಮಿಷ ಸವರಿ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣ ತರಿಗಳು ಎದ್ದವು, ಅದರ ಮೇಲೆ ಹಾಕಿದ ಅಕ್ರಿಲಿಕ್ ಗಟ್ಟಿಯಾಗಿ ಹಿಡಿದುಕೊಂಡಿತು. 1955ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ, 1962ರಲ್ಲಿ, ರಫೇಲ್ ಬೋವೆನ್ ಎಂಬವರು ಹಲ್ಲಿನ ಬಣ್ಣದ ಹೊಸ ರಾಳಕ್ಕೆ ಪೇಟೆಂಟ್ ಪಡೆದರು. ಇಂದು ಹೊಸೂರಿನ ಯಾವ ದಂತ ಚಿಕಿತ್ಸಾಲಯಕ್ಕೆ ಹೋದರೂ ಬಿಳಿ ಸಿಮೆಂಟ್ ತುಂಬಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅದರ ಮೂಲ ಈ ಎರಡು ಕೆಲಸಗಳು.

ಆದರೆ ಫ್ಲೋರೈಡ್ ಹೆಚ್ಚಾಗಿ ಸೇರಿದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ತರಿ ಸರಿಯಾಗಿ ಏಳದಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ, ಕೆಲವು ತಿಂಗಳಿಗೆ ಕಳಚಿ ಬೀಳುತ್ತದೆ. ಎಷ್ಟು ಹೊತ್ತು ಆಮ್ಲ ಸವರಬೇಕು, ಮೇಲ್ಪದರ ತೆಗೆದು ಸವರಬೇಕೆ, ಯಾವ ಅಂಟು ಉತ್ತಮ ಎಂಬುದರ ಬಗ್ಗೆ ಹಲವರು ಅಧ್ಯಯನ ಮಾಡಿದ್ದಾರೆ, ಎಲ್ಲರ ಉತ್ತರವೂ ಒಂದೇ ಆಗಿಲ್ಲ. ಹೊರದೇಶದ ಕಂಪನಿ ತನ್ನ ಸಿಮೆಂಟನ್ನು ಹೆಚ್ಚಾಗಿ ಕಲೆಯಿಲ್ಲದ ಹಲ್ಲಿನ ಮೇಲೆ ಪರೀಕ್ಷಿಸಿ ಮಾರುತ್ತದೆ. ನಮ್ಮ ತಾಯಂದಿರ ಹಲ್ಲಿನ ಮೇಲೆ, ಎಲೆ ಅಡಿಕೆ ಹೊಗೆಸೊಪ್ಪು ಅಗಿಯುವ ಬಾಯಲ್ಲಿ, ಕುದಿಯುವ ಹುರುಳಿ ಸಾರು ಕುಡಿಯುವ ಬಾಯಲ್ಲಿ, ಇದ್ದಿಲು ಪುಡಿಯಿಂದ ಉಜ್ಜುವ ಬಾಯಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಯಾರು ನೋಡಬೇಕು? ಈ ನೀರು ಕುಡಿದು ಬೆಳೆದವರೊಬ್ಬರು ನೋಡಿದರೆ ಚೆನ್ನ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸುತ್ತೇವೆ. 1980ರ ದಶಕದ ಮಧ್ಯದಲ್ಲಿ ಯೋ ಫ್ರೆಂಕೆನ್ ಎಂಬ ಡಚ್ ದಂತವೈದ್ಯರು ಆಫ್ರಿಕದ ಟಾಂಜಾನಿಯಾದಲ್ಲಿ ಕೆಲಸ ಮಾಡುತ್ತಿದ್ದರು. ಹಳ್ಳಿಗಳಲ್ಲಿ ವಿದ್ಯುತ್ತಿಲ್ಲ, ಹಲ್ಲು ಕೊರೆಯುವ ಯಂತ್ರ ಓಡುವುದಿಲ್ಲ. ಅವರು ಕೈ ಉಪಕರಣದಿಂದಲೇ ಹುಳುಕು ಕೆರೆದು ತೆಗೆದು, ಹಲ್ಲಿಗೆ ತಾನಾಗಿ ಅಂಟುವ ಗಾಜಿನ ಪುಡಿಯ ಸಿಮೆಂಟ್ ತುಂಬುವ ವಿಧಾನವನ್ನು ರೂಪಿಸಿದರು. ಆ ಸಿಮೆಂಟನ್ನು 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬ ಇಬ್ಬರು ತಯಾರಿಸಿದ್ದರು. 1994ರಲ್ಲಿ ವಿಶ್ವ ಆರೋಗ್ಯ ದಿನವನ್ನು ಬಾಯಿಯ ಆರೋಗ್ಯಕ್ಕಾಗಿ ಆಚರಿಸಿದಾಗ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಲೋಕಕ್ಕೆ ಪರಿಚಯಿಸಿತು. ದೆಂಕಣಿಕೋಟೆಯಿಂದ ಕಾಡಿನ ರಸ್ತೆಯಲ್ಲಿ ಆನೆಗೆ ಹೆದರಿ ಕತ್ತಲಾಗುವ ಮೊದಲೇ ಊರು ಸೇರಬೇಕಾದ ನಮ್ಮಂಥವರಿಗಾಗಿಯೇ ಹೇಳಿ ಮಾಡಿಸಿದ ವಿಧಾನವಿದು.

ದಾರಿಗಳ ವಿಷಯಕ್ಕೆ ಬರೋಣ. ಎಲ್ಲರೂ ಬಲ್ಲ ದಾರಿ ಬಿ.ಡಿ.ಎಸ್. ಇದಕ್ಕೆ ನೀಟ್ ಬರೆಯಬೇಕು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಮೇಲೆ ಎಂ.ಡಿ.ಎಸ್. ಮೂರು ವರ್ಷ, ಆಮೇಲೆ ಬೇಕಾದರೆ ಪಿಎಚ್.ಡಿ. ಚೆನ್ನೈನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1953ರಲ್ಲಿ ಆರಂಭವಾದದ್ದು, ಬೆಂಗಳೂರಿನದು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ. ಬಿ.ಡಿ.ಎಸ್. ಓದುವಾಗಲೇ ಸಂಶೋಧನೆಯ ರುಚಿ ನೋಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ಕಾಲೇಜಿನ ಅಧ್ಯಾಪಕರೊಬ್ಬರ ಕೈಕೆಳಗೆ ಒಂದು ಸಣ್ಣ ಪ್ರಶ್ನೆ ತೆಗೆದುಕೊಂಡು ಕೆಲಸ ಮಾಡಿ ವರದಿ ಬರೆಯುವುದು. ಮೊದಲ ಮೆಟ್ಟಿಲಿಗೆ ಇದಕ್ಕಿಂತ ಒಳ್ಳೆಯದು ನಮಗೆ ತಿಳಿಯದು.

ಈ ದಾರಿಯಲ್ಲಿ ನಮ್ಮ ತಂದೆತಾಯಿಗಳು ತಿಳಿಯಲೇಬೇಕಾದ ಒಂದು ನಿಯಮವಿದೆ. ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿಯಿಂದ ಪ್ಲಸ್ ಟೂವರೆಗೆ ಓದಿ ನೀಟ್ ತೇರ್ಗಡೆಯಾದವರಿಗೆ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5 ಮೀಸಲಾತಿಯನ್ನು ತಮಿಳುನಾಡು ಸರ್ಕಾರ 2020ರ ಕಾಯಿದೆಯಿಂದ ಕೊಟ್ಟಿತು. ಅನುದಾನಿತ ಶಾಲೆಗಳು, ಎಂದರೆ ನಮ್ಮ ಸಭೆ ನಡೆಸುವ ಹಲವು ಶಾಲೆಗಳು, ಇದರೊಳಗೆ ಬರಲಿಲ್ಲ. ಆ ಹುಡುಗಿ ಎಂಟನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲೇ ಓದಿದ್ದಳು. ಒಂಬತ್ತಕ್ಕೆ ಖಾಸಗಿ ಶಾಲೆಗೆ ಸೇರಿಸಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಆ ತಂದೆಗೆ ಹೇಳಿದವರು ನಾವೇ. ಅವರು ಎರಡು ಹಸು ಮಾರಿ ಸೇರಿಸಿದರು. ಕಾಯಿದೆ ಬಂದಿದ್ದುದು ಆಗ ನಮ್ಮ ಗಮನದಲ್ಲಿರಲಿಲ್ಲ. ಮಕ್ಕಳ ಶಾಲೆ ಬದಲಿಸುವ ಮೊದಲು ಯಾರ ಮಾತನ್ನೂ, ನಮ್ಮದನ್ನೂ ಸೇರಿಸಿ, ಹಾಗೇ ನಂಬದೆ ಆ ವರ್ಷದ ನಿಯಮವನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ಕೇಳಿ ತಿಳಿದುಕೊಳ್ಳಿ.

ಎರಡನೆಯ ದಾರಿ ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾ. ವಿಜ್ಞಾನ ಓದಿ ಪ್ಲಸ್ ಟೂ ಮುಗಿಸಿದವರಿಗೆ ಎರಡು ವರ್ಷ. ದಂತವೈದ್ಯರು ತೆಗೆದ ಅಚ್ಚಿನಿಂದ ತಟ್ಟೆ, ಟೋಪಿ, ಸೇತುವೆ ಮಾಡಿಕೊಡುವವರು ಇವರು. 1948ರ ದಂತವೈದ್ಯರ ಕಾಯಿದೆಯೇ ಈ ಕಸುಬಿಗೆ ಪ್ರತ್ಯೇಕ ನೋಂದಣಿ ಇಟ್ಟಿತ್ತು. ಕೈಕೆಲಸದ ಚುರುಕು ಇರುವ ಮಕ್ಕಳಿಗೆ ಒಳ್ಳೆಯ ಜೀವನೋಪಾಯ. ಆದರೆ ತಾವೇ ಬೋರ್ಡು ಹಾಕಿಕೊಂಡು ರೋಗಿಗಳ ಬಾಯಿಗೆ ಕೈ ಹಾಕುವಂತಿಲ್ಲ, ಡಿಪ್ಲೊಮಾದಿಂದ ನೇರವಾಗಿ ಪಿಎಚ್.ಡಿ.ಗೂ ಹೋಗಲಾಗದು.

ಮೂರನೆಯದು ವಿಜ್ಞಾನದ ದಾರಿ, ಟೀಚರಮ್ಮ ಹೇಳಿದ್ದು ಇದನ್ನೇ. ಬಿ.ಎಸ್ಸಿ. ಮೂರು ವರ್ಷ, ಎಂ.ಎಸ್ಸಿ. ಎರಡು ವರ್ಷ. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೈವಿಕ ತಂತ್ರಜ್ಞಾನ ಯಾವುದಾದರೂ ಆದೀತು. ಆಮೇಲೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ. ಇದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಕಿರಿಯ ಸಂಶೋಧಕ ವೇತನ ಸಿಗುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000. ವಯಸ್ಸಿನ ಮಿತಿಯಿದೆ, ಹೆಣ್ಣುಮಕ್ಕಳಿಗೆ ಸಡಿಲಿಕೆಯಿದೆ. ಇಂಜಿನಿಯರಿಂಗ್‌ನಲ್ಲಿ ಲೋಹಶಾಸ್ತ್ರ ಅಥವಾ ಯಂತ್ರಶಾಸ್ತ್ರ ಓದಿದವರು ಗೇಟ್ ಪರೀಕ್ಷೆಯ ಮೂಲಕ ಬರಬಹುದು. "ಓದುವಾಗಲೇ ಸಂಬಳವಾ?" ಎಂದು ಆ ತಂದೆ ಎರಡು ಸಲ ಕೇಳಿದರು. ಹೌದು, ಆದರೆ ಆ ಪರೀಕ್ಷೆ ಕಠಿಣ. ಒಂದೇ ಸಲಕ್ಕೆ ಆಗದೆ ಎರಡು ಮೂರು ಸಲ ಬರೆಯುವವರೇ ಹೆಚ್ಚು.

ಇಂತಹವರು ಹಲ್ಲಿನ ಕೆಲಸ ಎಲ್ಲಿ ಮಾಡುತ್ತಾರೆ? ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಪೂಜಾಪುರ ವಿಭಾಗದಲ್ಲಿ ವೈದ್ಯಕೀಯ ಉಪಕರಣ ಮತ್ತು ಸಾಮಗ್ರಿಗಳ ಸಂಶೋಧನೆ ನಡೆಯುತ್ತದೆ. ಹಲ್ಲಿಗೆ ತುಂಬುವ ಸಿಮೆಂಟಿನ ಕೆಲಸ ಅಲ್ಲಿ ನಡೆದಿದೆ. ಇನ್ನೂ ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಬೇರಿನ ಚಿಕಿತ್ಸೆ ಮಾಡಿದ ಮೇಲೂ ಹಲ್ಲಿನೊಳಗಿನ ಅತಿ ಸಣ್ಣ ನಾಳಗಳಲ್ಲಿ ಕ್ರಿಮಿಗಳು ಅಡಗಿ ಉಳಿಯುತ್ತವೆ. ಅಲ್ಲಿಗೆ ಔಷಧ ತಲುಪದು. 2022ರಲ್ಲಿ ಆ ಸಂಸ್ಥೆಯ ಪ್ರೊಫೆಸರ್ ಅಂಬರೀಶ್ ಘೋಷ್ ಅವರ ತಂಡ ಕಬ್ಬಿಣದ ಲೇಪವಿರುವ, ಸುರುಳಿಯಾಕಾರದ ಅತಿ ಸೂಕ್ಷ್ಮ ಕಣಗಳನ್ನು ಹೊರಗಿನಿಂದ ಅಯಸ್ಕಾಂತದ ಬಲದಲ್ಲಿ ಆ ನಾಳಗಳೊಳಗೆ ಓಡಿಸಿ, ಅಲ್ಲೇ ಬಿಸಿ ಮಾಡಿ ಕ್ರಿಮಿಗಳನ್ನು ಕೊಲ್ಲುವುದನ್ನು ಕಿತ್ತ ಹಲ್ಲುಗಳ ಮೇಲೆ ಮಾಡಿ ತೋರಿಸಿತು. ಈ ಕೆಲಸ ನಡೆದದ್ದು ನ್ಯಾನೋ ವಿಜ್ಞಾನದ ವಿಭಾಗದಲ್ಲಿ, ದಂತ ವೈದ್ಯಕೀಯ ಕಾಲೇಜಿನಲ್ಲಿ ಅಲ್ಲ. ನಮ್ಮ ಟೊಮೇಟೊ, ಗುಲಾಬಿ ಹೋಗುವ ಬೆಂಗಳೂರಿನಲ್ಲೇ.

ದಿನದ ಕೆಲಸ ಹೇಗಿರುತ್ತದೆ ಎಂದು ಹುಡುಗಿ ಕೇಳಿದಳು. ರೈತನ ಮಗಳಿಗೆ ಹೊಲದ ಭಾಷೆಯಲ್ಲೇ ಹೇಳಿದೆವು. ಹೊಸ ಗೊಬ್ಬರ ಒಳ್ಳೆಯದೋ ಅಲ್ಲವೋ ತಿಳಿಯಲು ಏನು ಮಾಡುತ್ತೀರಿ? ಇಡೀ ಹೊಲಕ್ಕೆ ಹಾಕಿದರೆ ತಿಳಿಯದು, ಮಳೆ ಚೆನ್ನಾಗಿ ಬಂದರೂ ಬೆಳೆ ಬರುತ್ತದೆ. ಒಂದೇ ಮಣ್ಣಿನ ಎರಡು ಪಟ್ಟಿ ಮಾಡಿ, ಒಂದೇ ಬೀಜ ಒಂದೇ ದಿನ ಬಿತ್ತಿ, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟು, ಎರಡನ್ನೂ ತೂಗಬೇಕು. ಸಂಶೋಧಕಿಯೂ ಹಾಗೆಯೇ. ಬೇರೆ ಕಾರಣಕ್ಕೆ ಕಿತ್ತ ಹಲ್ಲುಗಳನ್ನು ಒಪ್ಪಿಗೆ ಪಡೆದು ಸಂಗ್ರಹಿಸಿ, ಕಲೆಯಿರುವವು ಇಲ್ಲದವು ಎಂದು ಬೇರ್ಪಡಿಸಿ, ಎರಡಕ್ಕೂ ಒಂದೇ ಸಿಮೆಂಟ್ ಹಾಕುತ್ತಾಳೆ. ದೇಹದ ಬಿಸಿಯಷ್ಟೇ, 37 ಡಿಗ್ರಿ, ಬಿಸಿಯ ನೀರಿನಲ್ಲಿ ಇಡುತ್ತಾಳೆ. 5 ಡಿಗ್ರಿಯ ತಣ್ಣೀರಿಗೆ ಅದ್ದಿ ಕೂಡಲೇ 55 ಡಿಗ್ರಿಯ ಬಿಸಿನೀರಿಗೆ ಅದ್ದಿ, ಹೀಗೆ ಸಾವಿರಾರು ಸಲ ಯಂತ್ರ ಮಾಡುತ್ತದೆ. ಐಸ್ ನೀರು, ಬಿಸಿ ಕಾಫಿ ಕುಡಿದು ವರ್ಷಗಟ್ಟಲೆ ಬಾಳಿದ ಹಲ್ಲಿನಂತೆ ಆಗಲಿ ಎಂದು. ಆಮೇಲೆ ಎಷ್ಟು ಬಲಕ್ಕೆ ಸಿಮೆಂಟ್ ಕಳಚುತ್ತದೆ ಎಂದು ಅಳೆದು ಬರೆದಿಡುತ್ತಾಳೆ. ಒಂದು ಹಲ್ಲಲ್ಲ, ಹತ್ತಾರು. ಅರ್ಧ ಕೆಲಸ ಲೆಕ್ಕ ಬರೆಯುವುದೇ. ಜೀವಂತ ಮನುಷ್ಯರ ಮೇಲೆ ಪ್ರಯೋಗವಾದರೆ ನೈತಿಕ ಸಮಿತಿಯ ಅನುಮತಿ ಬೇಕು, ಅವರು ಹೇಳಿದ್ದಕ್ಕೆ ನೂರು ಪ್ರಶ್ನೆ ಕೇಳುತ್ತದೆ. ಕೇಳಬೇಕಾದದ್ದೇ.

ನೆಟ್ ತೇರ್ಗಡೆಯಾದರೆ ಸಾಲದು, ಮಾರ್ಗದರ್ಶಕರನ್ನು ಆರಿಸುವುದು ಮುಖ್ಯ. ಹೆಸರಿಗಿಂತ, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಬೇಕು. ಹೆಣ್ಣು ಕೊಡುವ ಮನೆಯನ್ನು ವಿಚಾರಿಸುವಷ್ಟಾದರೂ ವಿಚಾರಿಸಿ ಎಂದೆವು. ಹುಡುಗಿ ನಕ್ಕಳು, ತಂದೆ ನಗಲಿಲ್ಲ. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿವೆ, ಪ್ರಬಂಧ ಬರೆದುಕೊಡುತ್ತೇವೆ ಎನ್ನುವ ದಲ್ಲಾಳಿಗಳಿದ್ದಾರೆ. ಅಂತಹವರ ಹತ್ತಿರ ಸುಳಿಯಬಾರದು. ನೌಕರಿಯ ವಿಷಯದಲ್ಲೂ ಉಳ್ಳದ್ದನ್ನು ಹೇಳಬೇಕು. ದಂತ ವೈದ್ಯಕೀಯ ಕಾಲೇಜಿನಲ್ಲಿ ಚಿಕಿತ್ಸಾ ವಿಭಾಗದ ಅಧ್ಯಾಪಕರಾಗಲು ಎಂ.ಡಿ.ಎಸ್. ಬೇಕು, ರಸಾಯನಶಾಸ್ತ್ರದ ಪಿಎಚ್.ಡಿ. ಸಾಲದು. ವಿಜ್ಞಾನದವರಿಗೆ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯ, ಸಾಮಗ್ರಿ ತಯಾರಿಸುವ ಕಂಪನಿಗಳಲ್ಲಿ ಕೆಲಸವಿದೆ. ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಪ್ಲಸ್ ಟೂ ಮುಗಿದ ದಿನದಿಂದ ಎಣಿಸಿದರೆ ಕಾಲೂರಲು ಹತ್ತು ಹನ್ನೆರಡು ವರ್ಷ. ಹುಣಸೆ ಸಸಿ ನೆಟ್ಟಂತೆಯೇ.

ಸ್ವೀಡನ್ನಿನ ಬ್ರೋನೆಮಾರ್ಕ್ ಅವರ ವಿಷಯವನ್ನು ನಾವು ಹೇಳಿದ್ದು ಈ ಲೆಕ್ಕಕ್ಕಾಗಿಯೇ. 1952ರಲ್ಲಿ ಅವರು ಮೊಲದ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂ ಲೋಹದ ಸಣ್ಣ ಉಪಕರಣವೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದರೊಂದಿಗೆ ಬೆಸೆದುಕೊಂಡಿತ್ತು. ಇಂದು ದವಡೆಗೆ ತಿರುಪು ಹಾಕಿ ಹಲ್ಲು ಕೂರಿಸುವ ಇಂಪ್ಲಾಂಟ್ ವಿದ್ಯೆ ಅಲ್ಲಿಂದ ಬಂತು. ಮೊದಲ ರೋಗಿಗೆ ಅದನ್ನು ಕೂರಿಸಿದ್ದು 1965ರಲ್ಲಿ. ದಂತವೈದ್ಯ ಲೋಕ ಅದನ್ನು ಗಂಭೀರವಾಗಿ ಒಪ್ಪಿದ್ದು 1982ರಲ್ಲಿ ಟೊರಾಂಟೋದಲ್ಲಿ ನಡೆದ ಸಮ್ಮೇಳನದ ನಂತರ. ಮಧ್ಯದ ವರ್ಷಗಳಲ್ಲಿ ಅವರನ್ನು ನಂಬದವರೇ ಹೆಚ್ಚು. ಅಂದ ಹಾಗೆ ಅವರೂ ದಂತವೈದ್ಯರಲ್ಲ.

ಎಲ್ಲ ಕೇಳಿದ ಮೇಲೆ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ರಾಗಿ ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವವರು ಅವರೊಬ್ಬರೇ, ಕಿರಿಯ ಮಗ ಇನ್ನೂ ಏಳನೆಯ ತರಗತಿ. ಹುಡುಗಿಗೆ ಇಪ್ಪತ್ತೊಂದಾಗುವ ಹೊತ್ತಿಗೆ ನೆಂಟರು ಸುಮ್ಮನಿರುವುದಿಲ್ಲ. ಬಿ.ಎಸ್ಸಿ. ಮುಗಿಸಿ ಸಾಕು ಎಂದರೆ ಅವಳ ಕೈಯಲ್ಲಿ ಉಳಿಯುವುದು ಹೊಸೂರಿನ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ಕೆಲಸ. ಅದೂ ಕೆಟ್ಟದ್ದಲ್ಲ. ಆದರೆ ಈ ದಾರಿ ಅರ್ಧಕ್ಕೆ ನಿಂತರೆ ಅರ್ಧ ಫಲ ಕೊಡುವಂಥದ್ದಲ್ಲ. ಆದುದರಿಂದ ನಾವು ಕೇಳಿಕೊಂಡದ್ದು ಇಷ್ಟೇ: ಈಗಲೇ ಹನ್ನೆರಡು ವರ್ಷದ ಮಾತು ಕೊಡಬೇಡಿ. ಎಂ.ಎಸ್ಸಿ. ಮುಗಿದು ನೆಟ್ ಎರಡು ಸಲ ಬರೆಯುವವರೆಗೆ, ಎಂದರೆ ಆರು ವರ್ಷ, ಮದುವೆ ಮಾತು ಎತ್ತುವುದಿಲ್ಲ ಎಂದು ಅವಳಿಗೆ ಹೇಳಿ. ವೇತನ ಸಿಕ್ಕಿದರೆ ಮುಂದಿನದನ್ನು ಅವಳೇ ನೋಡಿಕೊಳ್ಳುತ್ತಾಳೆ.

"ನೋಡೋಣ ಫಾದರ್, ಅವಳ ತಾಯಿಯನ್ನ ಕೇಳಬೇಕು" ಎಂದು ಎದ್ದರು.

ತಾಯಿ ಏನು ಹೇಳಿದರೋ ನಮಗೆ ತಿಳಿಯದು. ಹುಡುಗಿ ಈಗ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ರಜೆಯಲ್ಲಿ ಬಂದವಳು ತಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟಿದ್ದಳು. ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಬಂದಿತ್ತು. ತಮ್ಮನಿಗೆ ಈಗ ಕುಡಿಯಲು ಬೇರೆ ನೀರು ತರುತ್ತಿದ್ದಾರೆ.

ನಿಮ್ಮ ಕೊಳವೆಬಾವಿಯ ನೀರನ್ನೂ ಪರೀಕ್ಷೆ ಮಾಡಿಸಬೇಕೆಂದಿದ್ದರೆ ಒಂದು ಲೀಟರ್ ಹಿಡಿಸುವ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಮೋಟಾರು ಹತ್ತು ನಿಮಿಷ ಓಡಿದ ಮೇಲೆ ತುಂಬಿ, ಮೇಲೆ ಹೆಸರು, ಊರು, ದಿನಾಂಕ ಬರೆದು ಭಾನುವಾರ ಗುರುಮನೆಗೆ ತನ್ನಿ. ಗಾಜಿನ ಬಾಟಲಿ ಬೇಡ. ಸೋಮವಾರ ಕೃಷ್ಣಗಿರಿಗೆ ಹೋಗುವವರ ಕೈಯಲ್ಲಿ ಒಟ್ಟಿಗೆ ಕಳುಹಿಸುತ್ತೇವೆ. ಮುಂದಿನ ಸಂಚಿಕೆಯಲ್ಲಿ ಕುರಿ ಮೇಕೆಗಳ ಜಂತುಹುಳದ ಔಷಧಿಯನ್ನು ಯಾವ ತಿಂಗಳಲ್ಲಿ ಕುಡಿಸಬೇಕು ಎಂಬುದನ್ನು ನೋಡೋಣ.